ಗಾಳಿಕೋವಿಯ ಕೊಕ್ಕೆ

ಪೀಣ್ಯ ಎರಡನೆಯ ಹಂತ, ಬೆಂಗಳೂರು
ಗುರುವಾರ, 21 ನವೆಂಬರ್ 2024

ಪ್ರೀತಿಯ ಮಗಳು ಶ್ಯಾಮಲಾಗೆ, ಮನೆಯಿಂದ ನಿನ್ನ ತಂದೆಯ ಆಶೀರ್ವಾದಗಳು.

ಮೊದಲು ನಿನ್ನ ಆರೋಗ್ಯದ ವಿಷಯ. ಸೋಮವಾರ ಫೋನಿನಲ್ಲಿ ಮಾತನಾಡುತ್ತಿದ್ದಾಗ ನೀನು ಎರಡು ಸಲ ಕೆಮ್ಮಿದ್ದು ನನಗೆ ಕೇಳಿಸಿತು. ಧೂಳು ಎಂದು ಹೇಳಿ ಮಾತು ಮುಂದುವರಿಸಿದೆ. ಎರಕದ ಕಾರ್ಖಾನೆಯ ಧೂಳು ನಮ್ಮ ಶೆಡ್ಡಿನ ಧೂಳಿನಂತಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಒಳಗೆ ಹೋಗು. ಕೊಯಮತ್ತೂರಿನ ನೀರು ಸಿಹಿ ಎಂದು ಹೊಗಳುತ್ತೀಯಲ್ಲ, ಸಿಹಿ ನೀರಾದರೂ ಕುದಿಸಿಯೇ ಕುಡಿ. ನಿಮ್ಮಮ್ಮ ಕಷಾಯದ ಪುಡಿ ಮಾಡಿಟ್ಟಿದ್ದಾಳೆ. ಈ ಪತ್ರದ ಜೊತೆಗೆ ಅದನ್ನೂ ಕೊರಿಯರಿನವನ ಕೈಗೆ ಕೊಡುತ್ತೇನೆ. ಅವಳ ಮಂಡಿನೋವು ಹಿಂದಿನಂತೆಯೇ ಇದೆ, ನಾಲಿಗೆಯೂ ಹಿಂದಿನಂತೆಯೇ ಇದೆ. ತಗಡು ಒತ್ತುವ ಹೊಸ ಪ್ರೆಸ್ಸಿನ ಜೋಡಣೆ ಮುಗಿಯುವವರೆಗೆ ಅಲ್ಲಿಯೇ ನಿಂತು ನೋಡಿಕೊಳ್ಳಬೇಕೆಂಬ ನಿನ್ನ ನಿರ್ಧಾರ ಸರಿಯಾದದ್ದು. ಅದರ ಮೇಜಿನ ಸಮತಟ್ಟನ್ನು ನೀನೇ ಅಳೆದು ನೋಡು. ಅವರು ಕೊಡುವ ಕಾಗದವನ್ನು ನಂಬಬೇಡ. ಇಂಥ ಬುದ್ಧಿಮಾತು ಹೇಳುವ ಯೋಗ್ಯತೆ ನನಗೆ ಇನ್ನೂ ಉಳಿದಿದೆಯೇ ಎಂಬುದನ್ನು ಪತ್ರ ಓದಿ ಮುಗಿಸಿದ ಮೇಲೆ ನೀನೇ ತೀರ್ಮಾನಿಸು.

ದಿನಕ್ಕೆರಡು ಸಲ ಫೋನ್ ಮಾಡುವ ಮಗಳಿಗೆ ಪತ್ರವೇಕೆಂದು ನಿನಗೆ ಅನ್ನಿಸಬಹುದು. ಈ ಹನ್ನೊಂದು ದಿನಗಳಲ್ಲಿ ಮೂರು ಸಲ ಹೇಳಿಬಿಡಬೇಕೆಂದು ಹೊರಟೆ. ಒಂದು ಸಲ ಮಳೆಯ ಕಡೆಗೆ, ಇನ್ನೊಂದು ಸಲ ಕರೆಂಟು ಹೋದದ್ದರ ಕಡೆಗೆ, ಮೂರನೆಯ ಸಲ ನಿಮ್ಮಮ್ಮ ಮಾಡಿದ ಹುರುಳಿಕಾಳಿನ ಸಾರಿನ ಕಡೆಗೆ ಮಾತು ಹರಿಯಿತು; ಹರಿಯಲು ಬಿಟ್ಟವನು ನಾನೇ. ಬರೆಯಲು ಕುಳಿತರೆ ತಪ್ಪಿಸಿಕೊಳ್ಳುವುದಕ್ಕೆ ಅಷ್ಟು ದಾರಿಗಳಿಲ್ಲ. ವಿಷಯ ಇದು: ನಮ್ಮ ಕೆಲಸಗಾರ ಯಂಕಪ್ಪನ ಹೆಬ್ಬೆರಳು ಜಜ್ಜಿಹೋದದ್ದು ಶೆಡ್ಡಿನ ಮೂರನೆಯ ಪ್ರೆಸ್ಸಿನಲ್ಲಿ ಅಲ್ಲ. ನನ್ನ ಗಾಳಿಕೋವಿಯಲ್ಲಿ.

ಆ ಕೋವಿ ಮನೆಗೆ ಬಂದದ್ದು ನಿನಗೆ ನೆನಪಿರಬೇಕು. ಹನ್ನೆರಡು ವರ್ಷಗಳ ಹಿಂದೆ ಹೆಗ್ಗಣಗಳು ಪ್ರೆಸ್ಸುಗಳ ವಿದ್ಯುತ್ ತಂತಿಗಳನ್ನು ಕಡಿದುಹಾಕುತ್ತಿದ್ದ ಕಾಲದಲ್ಲಿ ಕೊಂಡದ್ದು. ಅದರ ರಚನೆ ಬಹಳ ಸರಳ. ಕೊಳವೆಯನ್ನು ಬುಡದಲ್ಲಿ ಮಡಿಸಿ ಕೆಳಕ್ಕೆ ಬಗ್ಗಿಸಿದರೆ ಒಳಗಿನ ದಪ್ಪ ಸ್ಪ್ರಿಂಗು ಒತ್ತಿಕೊಂಡು ಒಂದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ತೆರೆದ ಕೊಳವೆಯ ಬಾಯಿಗೆ ಸೀಸದ ಗುಂಡನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ ಮುಚ್ಚಬೇಕು. ಕುದುರೆ, ಅಂದರೆ ಟ್ರಿಗರ್, ಎಳೆದರೆ ಕೊಕ್ಕೆ ಜಾರಿ, ಸ್ಪ್ರಿಂಗು ಪಿಸ್ಟನ್ನನ್ನು ತಳ್ಳಿ, ಗಾಳಿಯ ಬಲದಿಂದ ಗುಂಡು ಹಾರುತ್ತದೆ. ಸಾಮಾನ್ಯವಾಗಿ ಜನ ಕೊಳ್ಳುವುದು ನಾಲ್ಕೂವರೆ ಮಿಲಿಮೀಟರಿನದು. ನಾನು ಐದೂವರೆಯದನ್ನು ಆರಿಸಿದೆ. ದೊಡ್ಡ ಗುಂಡು ಬೇಕಿತ್ತು, ಬೆಲೆ ಕಡಿಮೆಯಿರಬೇಕಿತ್ತು. ಎರಡೂ ಒಂದರಲ್ಲಿಯೇ ಸಿಕ್ಕಿದ್ದರಿಂದ ಉಳಿದದ್ದನ್ನು ನೋಡಲಿಲ್ಲ. ಕೊಂದದ್ದು ಒಂದೇ ಒಂದು ಹೆಗ್ಗಣ. ಅದು ಸಾಯಲು ತೆಗೆದುಕೊಂಡ ಹೊತ್ತನ್ನು ನೋಡಿದ ಮೇಲೆ ಜೀವವಿರುವ ಯಾವುದರ ಕಡೆಗೂ ಅದನ್ನು ಹಿಡಿಯಲಿಲ್ಲ. ಆಮೇಲೆ ಈ ಗಾತ್ರದ ಕೊಳವೆಗೆ ಪರವಾನಗಿ ಬೇಕೆಂಬ ನಿಯಮ ಬಂದಾಗ ನೀನು ಪತ್ರಿಕೆಯ ತುಣುಕನ್ನು ತಂದು ನನ್ನ ಮುಂದಿಟ್ಟೆ. ಠಾಣೆಗೆ ಹೋಗಿ ಬರುತ್ತೇನೆ ಎಂದು ನಿನಗೆ ಮಾತು ಕೊಟ್ಟೆ. ಹೋಗಲಿಲ್ಲ.

ಕೆಟ್ಟದಾಗಿ ಮಾಡಿದ ವಸ್ತುವನ್ನು ಹಾಗೆಯೇ ಇಟ್ಟುಕೊಳ್ಳಲು ನನಗೆ ಬರುವುದಿಲ್ಲ. ಅದು ನಿನಗೂ ಅಂಟಿರುವ ರೋಗ. ಹಾರಿಸಿದಾಗಲೆಲ್ಲ ಆ ಕೋವಿ ಹಳೆಯ ಸ್ಪ್ರಿಂಗಿನ ಮಂಚದಂತೆ ಗುಂಯ್ಗುಡುತ್ತಿತ್ತು, ಹೆಚ್ಚಾದ ಎಣ್ಣೆ ಒಳಗೆ ಸುಟ್ಟು ಹೊಗೆ ಬರುತ್ತಿತ್ತು, ಒಂದೇ ಗುರಿಗೆ ಹೊಡೆದ ಐದು ಗುಂಡುಗಳು ಐದು ಊರುಗಳಿಗೆ ಹೋಗುತ್ತಿದ್ದವು. ಬಿಚ್ಚಿ ನೋಡಿದರೆ ಸ್ಪ್ರಿಂಗಿನ ತುದಿಗಳು ಸಪಾಟಾಗಿರಲಿಲ್ಲ, ಪಿಸ್ಟನ್ನಿನ ತಲೆಯ ಚರ್ಮದ ವಾಷರು ಒಣಗಿ ಚಕ್ಕೆಯಾಗಿತ್ತು. ತುದಿಗಳನ್ನು ಉಜ್ಜಿ ಸಪಾಟು ಮಾಡಿದೆ. ಸ್ಪ್ರಿಂಗಿನ ಒಳಗೆ ಅಲುಗಾಡದಂತೆ ಕೂರುವ ಒಂದು ನೈಲಾನ್ ಕಡ್ಡಿಯನ್ನು ಲೇತಿನಲ್ಲಿ ತಿರುವಿದೆ. ಚರ್ಮ ತೆಗೆದು ಹೊಸ ಬಗೆಯ ಗಟ್ಟಿ ರಬ್ಬರಿನ ವಾಷರು ಕೂರಿಸಿದೆ. ಇಷ್ಟಕ್ಕೇ ಅದರ ಕಂಠವೇ ಬದಲಾಯಿತು. ಐದು ಗುಂಡುಗಳೂ ಒಂದು ಹಳೆಯ ರೂಪಾಯಿಯ ಅಗಲದಲ್ಲಿ ಬಿದ್ದವು. ಅಲ್ಲಿಗೆ ನಿಲ್ಲಿಸಿದ್ದರೆ ಈ ಪತ್ರವಿರುತ್ತಿರಲಿಲ್ಲ. ದೊಡ್ಡ ಗುಂಡು ಭಾರ. ದೂರ ಹೆಚ್ಚಿದಂತೆ ಕೆಳಕ್ಕೆ ಇಳಿಯುತ್ತದೆ. ಅದಕ್ಕಾಗಿ ಪೀಣ್ಯ ಮೂರನೆಯ ಹಂತದಲ್ಲಿ ಸ್ಪ್ರಿಂಗು ಸುತ್ತುವವರ ಬಳಿ ಹೋಗಿ ಇನ್ನೂ ದಪ್ಪ ತಂತಿಯದೊಂದನ್ನು ಸುತ್ತಿಸಿದೆ. ಸ್ಪ್ರಿಂಗು ಬಲವಾದ ಮೇಲೆ ಕುದುರೆ ಎಳೆಯುವುದು ಬಾವಿಯಿಂದ ನೀರು ಸೇದಿದಂತಾಯಿತು. ಆಗ ಕೊಕ್ಕೆಗೆ ಕೈ ಹಾಕಿದೆ.

ಇಲ್ಲಿ ನಾನು ಮಾಡಿದ ತಪ್ಪನ್ನು ನಮ್ಮ ಕಸುಬಿನವಳಾದ ನಿನಗೆ ವಿವರಿಸಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಬರೆಯದಿದ್ದರೆ ನುಣುಚಿಕೊಂಡಂತೆ. ಅಗ್ಗದ ಕೋವಿಯ ಕೊಕ್ಕೆಯನ್ನು ಮೆದು ಉಕ್ಕಿನಲ್ಲಿ ಮಾಡಿ, ಮೇಲಿನ ಪದರವನ್ನು ಮಾತ್ರ ಹದ ಹಾಕಿ ಗಟ್ಟಿ ಮಾಡಿರುತ್ತಾರೆ. ಆ ಗಟ್ಟಿ ಪದರ ಅರ್ಧ ಮಿಲಿಮೀಟರೂ ಇರುವುದಿಲ್ಲ. ಅದರಾಚೆಗೆ ಉಜ್ಜಬಾರದೆಂದು ಮೂವತ್ತು ವರ್ಷ ಹುಡುಗರಿಗೆ ಕಲಿಸಿದವನು ನಾನು. ಎಣ್ಣೆಗಲ್ಲಿನ ಮೇಲೆ ಮೂರು ಮಧ್ಯಾಹ್ನ ಆ ಕೊಕ್ಕೆಯನ್ನು ಉಜ್ಜಿದೆ. ಬೂದುಬಣ್ಣ ಹೋಗಿ ಕನ್ನಡಿಯಂಥ ಹೊಳಪು ಬಂತು. ಅದನ್ನು ಕಂಡು ಸಂತೋಷಪಟ್ಟೆ. ಹೆದರಬೇಕಾಗಿತ್ತು. ಕುದುರೆ ಬೆಣ್ಣೆಯಂತಾಯಿತು; ಇಪ್ಪತ್ತು ಮೀಟರಿನಲ್ಲಿ ಗುಂಡಿನ ಮೇಲೆ ಗುಂಡು ಕೂರಿಸಬಲ್ಲೆ ಎಂದು ನಿನಗೆ ಫೋನಿನಲ್ಲಿ ಜಂಬ ಕೊಚ್ಚಿಕೊಂಡದ್ದು ಅದೇ ವಾರ.

ಯಂಕಪ್ಪನಿಗೂ ಈ ಗೀಳು ಹತ್ತಿದ್ದು ನಿನಗೆ ಗೊತ್ತು. ಹನ್ನೊಂದು ವರ್ಷಗಳಿಂದ ನಮ್ಮ ಪ್ರೆಸ್ಸುಗಳನ್ನು ನಡೆಸಿ ಒಂದು ಗೀರನ್ನೂ ಮಾಡಿಕೊಳ್ಳದ ಮನುಷ್ಯ ಅವನು. ಶೆಡ್ಡಿನ ಹಿಂದಿನ ಕೋಣೆಯಲ್ಲಿಯೇ ಹೆಂಡತಿ ದುರ್ಗವ್ವನೊಡನೆ ಇರುವುದರಿಂದ ಭಾನುವಾರ ಬೆಳಿಗ್ಗೆ ತಪ್ಪದೆ ಬರುತ್ತಿದ್ದ. ಶೆಡ್ಡಿನ ಒಂದು ಕೊನೆಯಲ್ಲಿ ಜೇಡಿಮಣ್ಣು ತುಂಬಿದ ಡಬ್ಬ, ಇನ್ನೊಂದು ಕೊನೆಯಲ್ಲಿ ನಾವಿಬ್ಬರು. ನನಗಿಂತ ಚೆನ್ನಾಗಿ ಹೊಡೆಯುತ್ತಿದ್ದ. ನನ್ನದು ಗುರಿ ತಪ್ಪಿದಾಗಲೆಲ್ಲ, "ದೊಡ್ ಸಾರ್, ಕೋವಿ ನಿಮ್ದು, ಕಣ್ಣು ನಂದು, ಇಬ್ರೂ ಕೂಡಿದ್ರ ಒಬ್ಬ ಮನುಷ್ಯಾ ಆಗ್ತೀವ್ ನೋಡ್ರಿ" ಎಂದು ಚುಡಾಯಿಸುತ್ತಿದ್ದ. ಹೊಸ ಸ್ಪ್ರಿಂಗನ್ನು ಬಗ್ಗಿಸಲು ನನ್ನ ಭುಜಕ್ಕೆ ಆಗುತ್ತಿರಲಿಲ್ಲ. ಆದ್ದರಿಂದ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿತ್ತು: ಅವನು ಕೊಳವೆಯನ್ನು ಬಗ್ಗಿಸಿ ಎರಡೂ ಕೈಗಳಿಂದ ಭದ್ರವಾಗಿ ಹಿಡಿಯಬೇಕು, ನಾನು ಗುಂಡು ಕೂರಿಸಬೇಕು. ಕೊಕ್ಕೆ ಜಾರಿದರೂ ಕೊಳವೆ ಮೇಲೆ ಚಿಮ್ಮದಿರಲೆಂದು ಈ ಎಚ್ಚರಿಕೆ.

ನವೆಂಬರ್ ಹತ್ತನೆಯ ತಾರೀಕು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ನನ್ನ ಕೈಯಲ್ಲಿ ಚಹಾದ ಲೋಟವಿತ್ತು. ಯಂಕಪ್ಪ ಕೊಳವೆಯನ್ನು ಬಗ್ಗಿಸಿ, ಹಿಡಿದುಕೊಂಡು ಕಾಯುತ್ತಿದ್ದ. ನೀನೇ ಗುಂಡು ಹಾಕಿಕೋ ಎಂದೆ. ಹಾಗಾದರೆ ಕೊಳವೆಯನ್ನು ನೀವು ಹಿಡಿಯುತ್ತೀರಾ ಎಂದು ಕೇಳಿದ. ಕೇಳಿದ, ಶ್ಯಾಮಲಾ, ಅವನು ಕೇಳಲಿಲ್ಲವೆಂದು ಹೇಳಿಕೊಳ್ಳುವಂತಿಲ್ಲ. "ಬಿಡಯ್ಯ, ನಾನು ಮಾಡಿದ ಕೊಕ್ಕೆ ಅದು, ಜಾರುವುದಿಲ್ಲ" ಎಂದೆ. ಅವನು ನಕ್ಕು, ಕೊಳವೆಯ ಮೇಲಿನ ಕೈ ತೆಗೆದು, ಗುಂಡನ್ನು ಇಟ್ಟು ಬಲಗೈ ಹೆಬ್ಬೆರಳಿನಿಂದ ಒತ್ತಿದ. ಕೊಕ್ಕೆಯ ಮೆದು ಲೋಹದ ಅಂಚು ಅಷ್ಟರಲ್ಲಿಯೇ ಸವೆದು ದುಂಡಗಾಗಿತ್ತು; ಅದು ಜಾರಿತು. ಕೊಳವೆ ತಾನಾಗಿಯೇ ಮೇಲಕ್ಕೆ ಚಿಮ್ಮಿ ಮುಚ್ಚಿಕೊಂಡಿತು. ಯಂಕಪ್ಪ ಬೆರಳು ಒಳಗೆ ಸಿಕ್ಕಿದ್ದ ಕೋವಿಯನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕುಳಿತ. ಬಿಡಿಸಲು ಕೊಳವೆಯನ್ನು ಮತ್ತೆ ಬಗ್ಗಿಸಬೇಕಿತ್ತು. ನನ್ನ ಭುಜ ಸಾಲದೆ ಮೊಣಕಾಲು ಕೊಟ್ಟು ಬಗ್ಗಿಸಿದೆ.

ಆಟೋದಲ್ಲಿ ಅವನ ಕೈಗೆ ನನ್ನ ಪಂಚೆಯ ತುಂಡು ಸುತ್ತಿ ಹಿಡಿದುಕೊಂಡಿದ್ದೆ. ಪೀಣ್ಯದ ಮೆಟ್ರೋ ಕಂಬಗಳು ಒಂದೊಂದಾಗಿ ಹಿಂದಕ್ಕೆ ಹೋಗುತ್ತಿದ್ದವು. ಪರವಾನಗಿಯಿಲ್ಲದ ಕೋವಿ, ಅದೂ ಬಲ ಹೆಚ್ಚಿಸಿದ ಕೋವಿ, ಎಪ್ಪತ್ತೊಂದು ವರ್ಷದ ಮಾಲೀಕ, ಠಾಣೆ, ಪತ್ರಿಕೆ: ಇವೆಲ್ಲ ನನ್ನ ತಲೆಯಲ್ಲಿದ್ದವು, ಅವನ ಬೆರಳು ಆಮೇಲೆ ಬಂತು. ಆಸ್ಪತ್ರೆಯ ಬಾಗಿಲು ಕಂಡಾಗ, ಯಾರಾದರೂ ಕೇಳಿದರೆ ಪ್ರೆಸ್ಸಿನಲ್ಲಿ ಆಯಿತೆಂದು ಹೇಳು ಎಂದೆ. ಅವನು ನನ್ನ ಮುಖ ನೋಡಿದ. "ಆತ್ರಿ ದೊಡ್ ಸಾರ್. ಬೆರಳು ಹ್ಯಾಂಗೂ ಹೋತು, ನಿಮ್ ಮಾನ ಯಾಕ ಹೋಗ್ಬೇಕು" ಎಂದ. ಬಾಕಿ ಉಳಿದಿದ್ದ ಮೂರು ದಿನದ ಕೆಲಸ ಮುಗಿಸಲು ಭಾನುವಾರ ತಾನಾಗಿಯೇ ಪ್ರೆಸ್ ಓಡಿಸಿದ್ದಾಗಿ ವೈದ್ಯರಿಗೆ ಹೇಳಿದ. ಹೆಬ್ಬೆರಳನ್ನು ಮೇಲಿನ ಗೆಣ್ಣಿನವರೆಗೆ ತೆಗೆದರು. ಪ್ರೆಸ್ಸಿನ ಗಾಯವೆಂದರೆ ಅವನಿಗೆ ರಜೆ, ಔಷಧಿ ಎಲ್ಲವೂ ಸಲೀಸು, ಇದರಿಂದ ಅವನಿಗೇ ಒಳ್ಳೆಯದು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಷ್ಟೂ ದಿನ ನಿದ್ದೆ ಬಂತು, ಎರಡು ದಿನ.

ಮರುದಿನ, ಸೋಮವಾರ ಬೆಳಿಗ್ಗೆ ನಡೆದದ್ದು ನಿನಗೆ ಗೊತ್ತಿದೆ. ಹಾಜರಿ ನೋಡಿಕೊಳ್ಳುವ ಕಾವ್ಯಾ ಮೂರನೆಯ ಪ್ರೆಸ್ಸಿನ ಮುಂದಿನ ಕಾವಲು ಜಾಲರಿ ಕಳಚಿರುವುದನ್ನು ಕಂಡು, ಫೋಟೋ ತೆಗೆದು ನಿನಗೆ ಕಳುಹಿಸಿದಳು. ಶನಿವಾರ ಸಂಜೆ ಆ ಪ್ರೆಸ್ಸಿಗೆ ಹೊಸ ಅಚ್ಚು ಕೂರಿಸಿ ಜಾಲರಿ ಬಿಗಿದವನು ರೇವಣಸಿದ್ದ. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ತಗಡಿನವರೆಗೆ ಬಣ್ಣದ ಪೆನ್ನಿನಿಂದ ಒಂದು ಹಳದಿ ಗೆರೆ ಎಳೆಯುವುದು ಅವನ ರೂಢಿ, ನಾನೇ ಕಲಿಸಿದ್ದು. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಗೆರೆ ಇದ್ದರೆ ಬಿಗಿದಿದ್ದಾನೆ, ಇಲ್ಲದಿದ್ದರೆ ಇಲ್ಲ. ನಮ್ಮ ಶೆಡ್ಡಿನಲ್ಲಿ ಅದರ ಮೇಲೆ ಮಾತಿಲ್ಲ. ಕಾವ್ಯಾಳ ಫೋಟೋದಲ್ಲಿ ಗೆರೆ ಇರಲಿಲ್ಲ. ಜಾಲರಿ ಇಲ್ಲದೆ ಪ್ರೆಸ್ ಬಿಟ್ಟುಹೋದವನಿಗೆ ಇಲ್ಲಿ ಎರಡನೆಯ ಅವಕಾಶವಿಲ್ಲ ಎಂದು ಗೋಡೆಯ ಮೇಲೆ ಬರೆದಿದೆ. ಆ ಅಕ್ಷರಗಳು ನನ್ನವು. ನೀನು ಆ ನಿಯಮದಂತೆ ನಡೆದೆ. ನಾಡಿದ್ದು ಶನಿವಾರ ಅವನ ಕೊನೆಯ ದಿನ ಎಂದು ಕಾವ್ಯಾಳಿಂದ ಹೇಳಿಸಿದೆ. ನಿನ್ನ ಜಾಗದಲ್ಲಿದ್ದಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ.

ಅದರ ಮರುದಿನ, ಮಂಗಳವಾರ ಊಟದ ಹೊತ್ತಿಗೆ ರೇವಣಸಿದ್ದ ನನ್ನ ಕೋಣೆಗೆ ಬಂದ. ಹದಿನಾಲ್ಕು ವರ್ಷಗಳಲ್ಲಿ ಅವನು ಕೂರದೆ ಮಾತನಾಡಿದ್ದು ಅದೇ ಮೊದಲು. ಜಗಳಕ್ಕೆ ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಕೇಳಲು ಬಂದಿದ್ದ. "ದೊಡ್ ಸಾರ್, ಗೆರಿ ಎಳದೀನಿ ಅಂತ ನನ್ ಕೈಗೆ ನೆನಪದ. ಕಣ್ಣಿಗೆ ಗೆರಿ ಕಾಣವಲ್ದು. ಯಾವ್ದು ನಂಬ್ಲಿ, ನೀವ ಹೇಳ್ರಿ." ನಾನು ಏನು ಹೇಳಿದೆ ಗೊತ್ತೆ? ಶನಿವಾರ ಸಂಜೆ ಎಲ್ಲರಿಗೂ ಮನೆಗೆ ಹೋಗುವ ಆತುರವಿರುತ್ತದೆ ಎಂದೆ. ಅವನು ತನ್ನ ಅಂಗೈಯನ್ನು ನೋಡಿಕೊಂಡು, ತಲೆಯಾಡಿಸಿ ಹೋದ. ಅಂದಿನಿಂದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ತಾನು ಬಿಗಿಯದ ಪ್ರೆಸ್ಸುಗಳ ಬೋಲ್ಟುಗಳನ್ನೂ ಎರಡೆರಡು ಸಲ ಮುಟ್ಟಿ ನೋಡುತ್ತಾನೆ. ಮುಟ್ಟಿದ್ದನ್ನು ಮರೆತು ಮೂರನೆಯ ಸಲವೂ ಮುಟ್ಟುತ್ತಾನೆ. ತನ್ನ ಕೈಯನ್ನು ತಾನೇ ನಂಬದ ಕೆಲಸಗಾರನನ್ನು ನೀನು ನೋಡಿದ್ದೀಯೋ ಇಲ್ಲವೋ ನಾನರಿಯೆ. ನಾನು ಈಗ ದಿನವೂ ನೋಡುತ್ತಿದ್ದೇನೆ. ಬೇರೆ ಯಾವ ಶೆಡ್ಡಿಗೆ ಹೋದರೂ ಅವನು ಹೀಗೆಯೇ ಇರುತ್ತಾನೆ.

ಮೊನ್ನೆ ಅವನು ಯಂಕಪ್ಪನ ಕೋಣೆಗೂ ಹೋಗಿದ್ದನಂತೆ. ಹಣ್ಣು ತೆಗೆದುಕೊಂಡು ಹೋಗಿ, ತನ್ನಿಂದ ಹೀಗಾಯಿತೆಂದು ಕ್ಷಮೆ ಕೇಳಿದನಂತೆ. ಯಂಕಪ್ಪ ಕಟ್ಟು ಹಾಕಿದ ಕೈಯನ್ನು ಎತ್ತಿ ಹಿಡಿದುಕೊಂಡು ನನ್ನ ಬಳಿಗೆ ಬಂದ. "ಅವ ನನ್ ಕಾಲು ಮುಟ್ಟಿದ್ರಿ, ದೊಡ್ ಸಾರ್. ಬೆರಳಿನಕಿಂತ ಅದು ಜಾಸ್ತಿ ನೋಯಕತ್ತದ" ಎಂದ. ನನ್ನನ್ನು ಏನೂ ಕೇಳಲಿಲ್ಲ. ಅವನ ಹಿಂದೆಯೇ ಬಂದ ದುರ್ಗವ್ವ ಮಾತ್ರ ಬಾಗಿಲಲ್ಲಿ ನಿಂತು ಕೇಳಿದಳು. ಹನ್ನೊಂದು ವರ್ಷ ಪ್ರೆಸ್ಸಿನವನ ಬುತ್ತಿ ಕಟ್ಟಿದವಳು ಅವಳು. ಅಕ್ಕಪಕ್ಕದ ಶೆಡ್ಡುಗಳಲ್ಲಿ ಬೆರಳು ಕಳೆದುಕೊಂಡ ಎಷ್ಟೋ ಜನರನ್ನು ಕಂಡಿದ್ದಾಳೆ. "ಪ್ರೆಸ್ ಬಿದ್ರ ಬೆರಳು ಚಪ್ಪಟಿ ಆಗ್ತದ, ಇಲ್ಲಾ ಕತ್ತರಿಸಿ ಹೋಗ್ತದ. ತೆಗ್ಯೋಕಿಂತ ಮೊದ್ಲ ದವಾಖಾನ್ಯಾಗ ನಾ ನೋಡೀನಿ, ಇವರ್ದು ದುಂಡಗ ಜಜ್ಜಿತ್ತು. ಇದು ಯಾವ ಪ್ರೆಸ್ರಿ, ನಾ ನೋಡಿಲ್ಲಲ್ಲ?" ಎಂದಳು. ಯಂಕಪ್ಪ ಅವಳನ್ನು ಗದರಿ ಕರೆದುಕೊಂಡು ಹೋದ. ಅವನು ಗದರಿದ್ದನ್ನು ನಾನು ಕೇಳಿದ್ದೂ ಅದೇ ಮೊದಲು.

ಈಗ ನಾನು ಮಾಡಿರುವುದು, ಮಾಡಲಿರುವುದು ಇಷ್ಟು. ಕೋವಿಯನ್ನು ಬಿಚ್ಚಿ, ಸ್ಪ್ರಿಂಗನ್ನೂ ಕೊಕ್ಕೆಯನ್ನೂ ಬೇರೆ ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಅವೆಲ್ಲವನ್ನೂ ತೆಗೆದುಕೊಂಡು ಠಾಣೆಗೆ ಹೋಗಿ, ನಡೆದದ್ದನ್ನು ಬರೆದುಕೊಟ್ಟು, ಅಲ್ಲಿಂದ ಆಸ್ಪತ್ರೆಗೂ ಹೋಗಿ ಅಲ್ಲಿನ ದಾಖಲೆಯನ್ನು ತಿದ್ದಿಸುತ್ತೇನೆ. ಅಪಘಾತದ ವರದಿಗೆ ನೀನು ಸಹಿ ಹಾಕಬೇಡ. ನನ್ನ ಸುಳ್ಳಿನ ಕೆಳಗೆ ನಿನ್ನ ಹೆಸರು ಇರಬಾರದು. ಯಂಕಪ್ಪನ ಚಿಕಿತ್ಸೆ ನನ್ನ ಹೊಣೆ. ಗಾಯ ಮಾಗಿದ ಮೇಲೆ ಅವನನ್ನು ಪ್ರೆಸ್ಸಿಗೆ ಬಿಡದೆ, ತಯಾರಾದ ಮಾಲಿನ ಪರೀಕ್ಷೆಗೆ ಹಾಕಬೇಕೆಂದು ನನ್ನ ಆಸೆ. ಆ ಕಣ್ಣು ಅದಕ್ಕೆ ಹೇಳಿ ಮಾಡಿಸಿದ್ದು. ಇನ್ನು ರೇವಣಸಿದ್ದನ ವಿಷಯ. ಜಾಲರಿ ಕಳಚಿದ್ದುದರಿಂದ ಯಾರಿಗೂ ಗಾಯವಾಗಿಲ್ಲ ಎಂಬುದು ಈಗ ನಿನಗೆ ತಿಳಿಯಿತು. ನಿಯಮವೆಂದರೆ ನಿಯಮ ಎಂದು ನೀನು ಹೇಳಬಹುದು. ಹದಿನಾಲ್ಕು ವರ್ಷದ ಕೆಲಸವನ್ನು ನೋಡಿ, ಒಂದು ಸಲದ ಮರೆವನ್ನು ಕ್ಷಮಿಸಿಬಿಡು. ಅವನನ್ನು ಕಳುಹಿಸಬೇಡ.

ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ. "ಏನ್ರೀ ಅದು ಅವಾಗ್ಲಿಂದ ಬರೀತಾ ಇದೀರಾ, ಕೋರ್ಟಿಗಾ?" ಎಂದು ಎರಡು ಸಲ ಇಣುಕಿ ಹೋದಳು. ಅವಳ ಮಾತು ಎಂದಿನಂತೆ ಗುರಿಯ ಹತ್ತಿರಕ್ಕೇ ಬೀಳುತ್ತದೆ. ಕಷಾಯವನ್ನು ಬೆಲ್ಲ ಹಾಕಿಯಾದರೂ ಕುಡಿ. ಮನೆಯ ಮುಂದಿನ ನಿನ್ನ ಕರಿಬೇವಿನ ಗಿಡ ಚೆನ್ನಾಗಿ ಚಿಗುರಿದೆ. ಕೆಲಸ ಚೆನ್ನಾಗಿ ಮುಗಿದು, ಹೊಸ ಪ್ರೆಸ್ಸಿನೊಡನೆ ಆರೋಗ್ಯವಾಗಿ ಹಿಂದಿರುಗಿ ಬಾ. ನನ್ನ ಮೇಲಿನ ಸಿಟ್ಟನ್ನು ಫೋನಿನಲ್ಲಿ ತೀರಿಸಿಕೊಳ್ಳಬೇಡ. ಬಂದು ಎದುರಿಗೇ ಹೇಳು, ನಿಂತು ಕೇಳುತ್ತೇನೆ.

ನಿನ್ನ ಏಳಿಗೆಯನ್ನೇ ಬಯಸುವ ತಂದೆ,
ಬೈರಪ್ಪ

ಮರೆತ ಮಾತು: ಮರೆತದ್ದಲ್ಲ. ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ರೇವಣಸಿದ್ದನ ಮರೆವನ್ನು ಕ್ಷಮಿಸು ಎಂದು ಮೇಲೆ ಬರೆದಿದ್ದೇನೆ. ಅವನು ಏನನ್ನೂ ಮರೆತಿರಲಿಲ್ಲ. ಭಾನುವಾರ ಮಧ್ಯಾಹ್ನ ಯಂಕಪ್ಪನನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದು, ಸುಳ್ಳಿಗೆ ಸಾಕ್ಷಿಯಿರಲೆಂದು ಮೂರನೆಯ ಪ್ರೆಸ್ಸಿನ ಜಾಲರಿ ಕಳಚಿದವನು ನಾನು. ಹಳದಿ ಗೆರೆಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದವನೂ ನಾನು. ಗೋಡೆಯ ಮೇಲಿನ ನಿಯಮದಲ್ಲಿ ಮಾಲೀಕನಿಗೆ ರಿಯಾಯಿತಿ ಎಂದು ನಾನು ಬರೆದಿಲ್ಲ. ಶನಿವಾರದಿಂದ ನಾನು ಶೆಡ್ಡಿಗೆ ಕಾಲಿಡುವುದಿಲ್ಲ. ಇವತ್ತು ಸಂಜೆ ರೇವಣಸಿದ್ದನಿಗೆ ಇದನ್ನು ಹೇಳುತ್ತೇನೆ, ಆದರೆ ತನ್ನನ್ನು ಉಳಿಸಲು ದೊಡ್ ಸಾರ್ ಸುಳ್ಳು ಹೇಳುತ್ತಿದ್ದಾರೆಂದು ಅವನು ತಿಳಿದಾನು. ಆದ್ದರಿಂದ ಪತ್ರ ಕೈಸೇರಿದ ಕೂಡಲೇ ನೀನೇ ಫೋನ್ ಮಾಡಿ ಈ ಮಾತನ್ನು ಹೇಳು: ಜಾಲರಿಯ ಎರಡೂ ಬೋಲ್ಟುಗಳನ್ನು ಅವನು ಸರಿಯಾಗಿಯೇ ಬಿಗಿದಿದ್ದ. ಬಿಚ್ಚಲು ನನಗೆ ಎರಡೂ ಕೈಗಳು ಬೇಕಾದವು.